ನೋಡಾಕಷ್ಟ ಬಿಟ್ಟೀನ್ರಿ, ಮಾಮಾ

ಬಳಗದಲ್ಲಿ ಒಬ್ಬನಿಗೆ ‘ಅವಗ ಕಂಪ್ಯೂಟರ್ ಬರ್ತದ’ ಎಂಬ ಹೆಸರು ಬಿತ್ತೋ, ಮುಗಿಯಿತು. ಮದುವೆ ಕಾರ್ಡಿನ ಕಾಗುಣಿತದಿಂದ ಕೆಟ್ಟ ರಿಮೋಟಿನವರೆಗೆ ಎಲ್ಲವೂ ಅವನ ತಲೆಗೇ. ನಿಮಗೂ ಇದು ಹೊಸದಲ್ಲ ಬಿಡಿ. ಸಿದ್ದಾಪುರದ ನಮ್ಮ ಬಳಗದಲ್ಲಿ ಆ ಹೆಸರು ಹೊತ್ತವನು ನಾನು. ಸೋದರಮಾವನದು ಗೊಬ್ಬರ-ಎಣ್ಣೆ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಭತ್ತಕ್ಕೆ ಹೊಡೆಯುವುದು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಉದ್ರಿ ಬರೆಸುವುದು, ಸುಗ್ಗಿಯಲ್ಲಿ 75 ಕೆ.ಜಿ. ಚೀಲದ ಲೆಕ್ಕದಲ್ಲಿ ಭತ್ತ ಮಾರಿ ತೀರಿಸುವುದು ನಮ್ಮ ಕಡೆಯ ರೂಢಿ. ಆ ಉದ್ರಿಯನ್ನೆಲ್ಲ ಖಾತೆ ಪುಸ್ತಕದಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಏರಿಸಿದ ಪುಣ್ಯಾತ್ಮ ನಾನೇ. ಅಲ್ಲಿಗೇ ನಿಲ್ಲಿಸಬಹುದಿತ್ತು.

ಕನ್ನಡದಲ್ಲಿ ಕೇಳಿದರೆ ತಾನೇ ಎಸ್‌ಕ್ಯೂಎಲ್ ಬರೆದುಕೊಂಡು ಉತ್ತರ ತರುವ ಎಐ ಏಜೆಂಟನ್ನು ಅದಕ್ಕೆ ಜೋಡಿಸುವ ಹುಕಿ ಬಂತು. ಮಾವ ಹೆದರಿದರು. “ಇದ್ದದ್ದೆಲ್ಲ ಅಳಿಸಿ ಕೂತ್ರ ಏನ್ ಮಾಡ್ತಿ, ಅಳಿಯಾ?” ಹೆದರಿಕೆ ಸುಳ್ಳಲ್ಲ. 2025ರ ಜುಲೈಯಲ್ಲಿ ಅಮೆರಿಕದ ಉದ್ಯಮಿಯೊಬ್ಬರ ಚಾಲ್ತಿ ಡೇಟಾಬೇಸನ್ನು, ಏನನ್ನೂ ಬದಲಿಸಬೇಡವೆಂದು ಹೇಳಿದ್ದರೂ, ಇಂಥದೇ ಏಜೆಂಟ್ ಅಳಿಸಿ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ನಾನು ಎದೆ ಉಬ್ಬಿಸಿದೆ. “ನೋಡಾಕಷ್ಟ ಬಿಟ್ಟೀನ್ರಿ, ಮಾಮಾ. ಬರಿಯಾಕ ಇಲ್ಲ. ಭೂಮಿ ಕೇಂದ್ರದಾಗ ಎರಡನೇ ಪರದೆ ಇಟ್ಟಿದ್ರಲ್ಲ, ಹಂಗ.” ಪಹಣಿ ಕಂಪ್ಯೂಟರಿಗೆ ಹೋದ ಹೊಸದರಲ್ಲಿ, ಒಳಗೆ ಏನು ನಡೆದಿದೆ ಎಂದು ರೈತರಿಗೂ ಕಾಣಲೆಂದು ಅವರತ್ತ ಮುಖ ಮಾಡಿ ಒಂದು ಪರದೆ ಇಡುತ್ತಿದ್ದರು. ಮಾವನಿಗೆ ಅದು ನೆನಪಿತ್ತು, ಒಪ್ಪಿದರು.

ಕೋಷ್ಟಕ ಕೋಷ್ಟಕಕ್ಕೂ ಬೇರೆ ಬೇರೆ ಅನುಮತಿ ಬರೆಯಲು ನನಗೆ ಬೇಸರ. ಪೋಸ್ಟ್‌ಗ್ರೆಸ್ 14ರಿಂದ ಇರುವ, ಎಲ್ಲವನ್ನೂ ಓದಲು ಬಿಡುವ ಸಿದ್ಧ ರೋಲ್ ಕೊಟ್ಟು ಕೈ ತೊಳೆದುಕೊಂಡೆ. ಕಳ್ಳನ ಕೈ ಕಟ್ಟಿದ ಖುಷಿಯಲ್ಲಿ ಬಾಯಿ ಕಟ್ಟುವುದು ಮರೆತಿದ್ದೆ.

ಮೊದಲ ಪ್ರಶ್ನೆ: ಯಾರ ಬಾಕಿ ಹೆಚ್ಚು? ಕಣ್ಣು ಮಿಟುಕಿಸುವುದರಲ್ಲಿ ಪಟ್ಟಿ ಬಂತು. ಮೇಲೆಯೇ ಊರಿನ ಹಿರಿಯರೊಬ್ಬರ ಹೆಸರು, ಎದುರಿಗೆ 2,80,000 ರೂಪಾಯಿ! ಮಾವನನ್ನು ಕೇಳುವ ತಾಳ್ಮೆಯೂ ಇಲ್ಲದೆ ಅವರ ಮನೆ ಕಟ್ಟೆಗೆ ಓಡಿ, ಉಗುಳು ನುಂಗುತ್ತ ವಿಷಯ ತೆಗೆದೆ. ಅವರು ಒಳಗೆ ಹೋಗಿ ದಾರದಲ್ಲಿ ಪೋಣಿಸಿದ ಪಾವತಿ ಚೀಟಿ ತಂದರು. ಬಿಲ್ಲು ಒಂದೇ, 40,000ದ್ದು. ಕಟ್ಟಿದ್ದು ಐದೈದು ಸಾವಿರದ ಎಂಟು ಕಂತು. ಬಾಕಿ ಸೊನ್ನೆ.

ಆದದ್ದಿಷ್ಟು. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ತೋರಿಸಿದ ದಾರಿಯಲ್ಲೇ ನಾನು ಬಿಲ್ಲಿಗೊಂದು, ಜಮಾಕ್ಕೊಂದು ಕೋಷ್ಟಕ ಮಾಡಿದ್ದೆ. ಏಜೆಂಟ್ ಎರಡನ್ನೂ ನೇರ ಜೋಡಿಸಿ ಕೂಡಿತ್ತು. ಎಂಟು ಕಂತಿನ ಎದುರು ಅದೇ ಬಿಲ್ಲು ಎಂಟು ಸಲ ಬಂದು 3,20,000 ಆಯಿತು. ಕಟ್ಟಿದ 40,000 ಕಳೆದರೆ ಉಳಿದದ್ದು ಆ ಮೊತ್ತ. ಅಂದರೆ ಒಂದೇ ಬಿಲ್ಲನ್ನು ಪ್ರಾಮಾಣಿಕವಾಗಿ ಕಂತು ಕಂತಾಗಿ ತೀರಿಸಿದಷ್ಟೂ ಸಾಲಗಾರರು! ಹಿರಿಯರು ಬೈದಿದ್ದರೆ ಸಮಾಧಾನವಿತ್ತು. ಚಾ ಕುಡಿಸಿ ಕಳಿಸಿದರು. ಆ ಚಾ ಇನ್ನೂ ಗಂಟಲಲ್ಲೇ ಇದೆ.

ಅದೇ ಪಟ್ಟಿಯಲ್ಲಿ ಇನ್ನೊಂದು ಚಮತ್ಕಾರವಿತ್ತು. ಒಮ್ಮೆಯೂ ಕಟ್ಟದವರಿಗೆ ಜಮಾ ಸಾಲೇ ಇಲ್ಲವಲ್ಲ, ಜೋಡಣೆಯಲ್ಲಿ ಅವರ ಹೆಸರೇ ಮಾಯ. ಇದನ್ನು ತಿದ್ದಲು ನಾನೇನೂ ಅವಸರ ಮಾಡಲಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

ಮರುಪ್ರಯತ್ನಕ್ಕೆ ನಾನು ಆರಿಸಿದ ಮುಹೂರ್ತ ನೋಡಿ: ಯೂರಿಯಾ ಲೋಡು ಬಂದು, ಅಂಗಡಿ ಮುಂದಿನ ಸಾಲು ರಸ್ತೆ ಮುಟ್ಟಿದ ಹೊತ್ತು. ಈ ಸಲ ಏಜೆಂಟ್ ಜೋಡಣೆಗೆ ಷರತ್ತನ್ನೇ ಹಾಕಲಿಲ್ಲ. 20,000 ಬಿಲ್ಲಿನ ಪ್ರತಿಯೊಂದು ಸಾಲಿಗೂ 30,000 ಜಮಾ ಸಾಲು ತಳುಕು ಬಿದ್ದರೆ 60 ಕೋಟಿ ಸಾಲು. ಅದನ್ನು ವಿಂಗಡಿಸಲು ಹೊರಟ ಹಳೆಯ ಕಂಪ್ಯೂಟರಿನ ಡಿಸ್ಕು ತಾತ್ಕಾಲಿಕ ಕಡತಗಳಿಂದಲೇ ತುಂಬಿ, ಬಿಲ್ಲಿಂಗ್ ‘ಜಾಗವಿಲ್ಲ’ ಎಂದು ಮಲಗಿತು. ಬರೆಯದೆ, ಅಳಿಸದೆ, ಬರೀ ನೋಡಿಯೇ ಅಂಗಡಿ ಬಂದ್! ಗುಮಾಸ್ತರು ಮೇಲಿನ ಹಲಗೆಯಿಂದ ಹಳೆಯ ಖಾತೆ ಪುಸ್ತಕ ಇಳಿಸಿ, ಧೂಳು ಕೊಡವಿ ಬರೆಯತೊಡಗಿದರು. ನಾನು ಯೂರಿಯಾ ಚೀಲಗಳ ಮರೆಯಲ್ಲಿದ್ದೆ.

ಸಂಜೆ ಕಂಪ್ಯೂಟರ್ ಮತ್ತೆ ಎದ್ದ ಮೇಲೆ ಮಾವ ತಾವೇ ಅದರ ಮುಂದೆ ಕೂತರು. ಅಂಗಡಿ ತುಂಬ ಜನ, ಏಜೆಂಟಿನ ದನಿ ಸ್ಪೀಕರಿನಲ್ಲಿ. “ಒಮ್ಮಿನೂ ಕಟ್ಟದವರು ಯಾರದಾರ?” ಎಂದು ಕೇಳಿದರು. ಖಾತೆಯನ್ನು ಕಂಪ್ಯೂಟರಿಗೆ ಏರಿಸುವಾಗ ನನ್ನ ಎರಡೆಕರೆಯ ಉದ್ರಿಯ ಎದುರು, ಷರಾ ಅಂಕಣದಲ್ಲಿ ನಾನು ಒಂದು ಮಾತು ಬರೆದಿಟ್ಟಿದ್ದೆ: ‘ಇದನ್ನು ಮಾವನಿಗೆ ತೋರಿಸಬೇಡ’. ಗುಮಾಸ್ತರಿಗೆಂದು ಬರೆದದ್ದು. ಏಜೆಂಟಿಗೆ ಮಾಹಿತಿಯೂ ಅಕ್ಷರವೇ, ಅಪ್ಪಣೆಯೂ ಅಕ್ಷರವೇ, ಎರಡರ ನಡುವೆ ಗೋಡೆ ತೆಳು. ಅದು ವಿನಯದಿಂದ ಉಲಿಯಿತು: “ಒಂದು ಖಾತೆಯನ್ನು ಮಾವನವರಿಗೆ ತೋರಿಸಬಾರದೆಂಬ ಸೂಚನೆ ಇದೆ. ಆದ್ದರಿಂದ ಬಿಟ್ಟಿದ್ದೇನೆ.”

ಅಂಗಡಿಯಲ್ಲಿದ್ದ ಎಲ್ಲರಿಗೂ ಅವರು ಕಾಕಾ, ಅಣ್ಣ, ಸಾವ್ಕಾರ್ರು. ಮಾಮಾ ಅನ್ನುವವನು ನಾನೊಬ್ಬನೇ.

ಈಗ ಏಜೆಂಟಿಗೆ ಹೆಸರು, ಮೊಬೈಲ್ ನಂಬರು, ಷರಾ ಯಾವುದೂ ಕಾಣದ ಒಂದು ವ್ಯೂ ಮಾತ್ರ. ಪ್ರಶ್ನೆ ಐದು ಸೆಕೆಂಡ್ ದಾಟಿದರೆ ತಾನೇ ಕಡಿದುಬೀಳುತ್ತದೆ. ಅದೂ ಬೇರೆ ಕಂಪ್ಯೂಟರಿನಲ್ಲಿರುವ, ರಾತ್ರಿ ತೆಗೆದ ನಕಲಿನ ಮೇಲೆ. ನೀವೂ ಇಂಥದಕ್ಕೆ ಕೈ ಹಾಕುವವರಿದ್ದರೆ ಇಷ್ಟನ್ನು ಮೊದಲೇ ಮಾಡಿಕೊಳ್ಳಿ. ಅದಕ್ಕೂ ಮೊದಲು, ದಯವಿಟ್ಟು, ನಿಮ್ಮ ಉದ್ರಿ ತೀರಿಸಿಬಿಡಿ.