ರಿಮೋಟ್ ರಾಯರ ಸ್ಮಾರ್ಟ್ ಸಂಸಾರ

ಹೈದರಾಬಾದಿನ ಮಾದಾಪುರದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ರಿಮೋಟ್ ರಾಯರು ಸಿಕ್ಕೇ ಸಿಗುತ್ತಾರೆ. ಊರು ಕಲಬುರಗಿಯೋ ರಾಯಚೂರೋ ಇದ್ದೀತು. ಉದ್ಯೋಗ ಮಾತ್ರ ಹೈಟೆಕ್ ಸಿಟಿಯಲ್ಲಿ. 1998ರಲ್ಲಿ ಪ್ರಧಾನಿ ವಾಜಪೇಯಿಯವರು ಸೈಬರ್ ಟವರ್ಸ್ ಉದ್ಘಾಟಿಸಿದ ಮೇಲೆ ಬಂಡೆಗಳ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವಲ್ಲ, ಅವುಗಳ ಹಿಂದೆಯೇ ರಾಯರ ಸಂತತಿಯೂ ಬಂದು ನೆಲೆಸಿತು. ಹಗಲೆಲ್ಲ ಕಂಪನಿಯ ಸರ್ವರುಗಳ ಯೋಗಕ್ಷೇಮ, ರಾತ್ರಿ ಮನೆಯ ಬಲ್ಬುಗಳ ಯೋಗಕ್ಷೇಮ. ಸರ್ವರುಗಳೇ ಎಷ್ಟೋ ವಾಸಿ.

ಚಟ ಹತ್ತುವುದು ಸಾಮಾನ್ಯವಾಗಿ ಫ್ಯಾನಿನಿಂದ. ಹಳೆಯ ಫ್ಯಾನು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನಿಗೆ ಮೂವತ್ತರ ಆಸುಪಾಸು ಸಾಕು ಎಂಬ ಲೆಕ್ಕ ಸರಿಯೇ. ಆದರೆ ಅದರ ಜೊತೆಗೊಂದು ರಿಮೋಟ್ ಬರುತ್ತದೆ. ಟಿವಿಗೊಂದು, ಎಸಿಗೊಂದು, ಸೆಟ್‌ಟಾಪ್ ಬಾಕ್ಸಿಗೊಂದು ಮೊದಲೇ ಇವೆ. ಇವುಗಳ ಇನ್‌ಫ್ರಾರೆಡ್ ಕಿರಣ ಗೋಡೆ ದಾಟುವುದಿಲ್ಲ. ಗೋಡೆ ದಾಟುವ ಒಂದೇ ರಿಮೋಟ್ ಬೇಕೆಂದು ರಾಯರು ಜಿಗ್‌ಬೀ ಎಂಬ ರೇಡಿಯೋ ಜಾಲಕ್ಕೆ ಶರಣಾಗುತ್ತಾರೆ.

ಸ್ಮಾರ್ಟ್ ಸ್ವಿಚ್ ಕೂರಿಸಲು ಎಲೆಕ್ಟ್ರೀಷಿಯನ್ ಬಂದು ಸ್ವಿಚ್ ಬೋರ್ಡ್ ಬಿಚ್ಚುತ್ತಾನೆ. ‘ನ್ಯೂಟ್ರಲ್ ಲೇದು ಸಾರ್’ ಎನ್ನುತ್ತಾನೆ. ಪ್ಲಗ್ ಇರುವ ಬೋರ್ಡಿಗೆ ನ್ಯೂಟ್ರಲ್ ವೈರು ಬಂದಿರುತ್ತದೆ. ಬರೀ ಸ್ವಿಚ್ಚುಗಳ ಬೋರ್ಡಿಗೆ ಅದನ್ನು ಎಳೆಯದೇ ಬಿಟ್ಟ ಮನೆಗಳು ಬೇಕಾದಷ್ಟಿವೆ. ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಬಹುಪಾಲಿಗೆ ನ್ಯೂಟ್ರಲ್ ಬೇಕೇ ಬೇಕು. ಗೋಡೆ ಒಡೆಸಲು ಮನೆ ಓನರು ಒಪ್ಪುವುದಿಲ್ಲ. ಸರಿ, ಸ್ವಿಚ್ಚು ಬೇಡ, ಬಲ್ಬೇ ಸ್ಮಾರ್ಟ್ ಆಗಲಿ ಎಂದು ರಾಯರು ತೀರ್ಮಾನಿಸುತ್ತಾರೆ. ಮನೆಯ ಶಾಂತಿ ಕೆಡುವುದು ಇಲ್ಲಿಂದ.

ಬಂದ ಅತಿಥಿಗಳಿಗೆ ಚಹಾಕ್ಕಿಂತ ಮೊದಲು ಉಪನ್ಯಾಸ. 1956ರಲ್ಲೇ ಜೆನಿತ್ ಕಂಪನಿಯ ರಾಬರ್ಟ್ ಆಡ್ಲರ್ ಬ್ಯಾಟರಿಯೇ ಬೇಡದ ಟಿವಿ ರಿಮೋಟ್ ಮಾಡಿದ್ದರು. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿದು, ಮನುಷ್ಯರ ಕಿವಿಗೆ ಕೇಳದ ನಾದ ಹೊರಡುತ್ತಿತ್ತು ಎಂದು ರಾಯರು ವಿವರಿಸುತ್ತಾರೆ. ಆಮೇಲೆ ತಮ್ಮದನ್ನು ಒತ್ತುತ್ತಾರೆ. ಏನೂ ಆಗುವುದಿಲ್ಲ. ಮಗ ಅದರ ಸೆಲ್ಲನ್ನು ಆಟದ ಕಾರಿಗೆ ಹಾಕಿಕೊಂಡಿದ್ದಾನೆ.

ಸೆಲ್ಲು ಸಿಕ್ಕರೂ ಇನ್ನೊಂದು ತೊಡಕು. ಜಿಗ್‌ಬೀಯೂ ಸಾಮಾನ್ಯ ವೈಫೈಯೂ 2.4 ಗಿಗಾಹರ್ಟ್ಸಿನಲ್ಲೇ ಮಾತಾಡುತ್ತವೆ. ಮೇಲಿನ ಮನೆ, ಕೆಳಗಿನ ಮನೆ, ಎದುರು ಮನೆಯ ವೈಫೈಗಳೆಲ್ಲ ಸೇರಿದಾಗ ರಾಯರ ಬಲ್ಬಿನ ಪಿಸುಮಾತು ಸಂತೆಯಲ್ಲಿ ಹೇಳಿದ ಗುಟ್ಟಾಗುತ್ತದೆ. ಜಿಗ್‌ಬೀಗೆ ಹದಿನಾರು ಚಾನೆಲ್‌ಗಳಿವೆ. ರಾಯರು ಚಾನೆಲ್ ಬದಲಿಸುತ್ತಾರೆ. ಬದಲಿಸಿದಾಗ ಹಿಂದೆ ಉಳಿದ ಬಲ್ಬುಗಳನ್ನು ಒಂದೊಂದಾಗಿ ಮತ್ತೆ ಸೇರಿಸುತ್ತಾರೆ. ಭಾನುವಾರ ಮುಗಿಯುತ್ತದೆ.

ಅಷ್ಟರಲ್ಲಿ ಕಲಬುರಗಿಯಿಂದ ಅವ್ವ ಬರುತ್ತಾಳೆ. ಖಾಲಿ ಕೋಣೆಯಲ್ಲಿ ದೀಪ ಉರಿದರೆ ಆಕೆಗೆ ತಡೆಯದು, ಹೋಗಿ ಗೋಡೆಯ ಸ್ವಿಚ್ ಆರಿಸುತ್ತಾಳೆ. ಕೂಡಲೇ ಬೆಡ್‌ರೂಮಿನ ಬಲ್ಬು ರಿಮೋಟಿಗೆ ಕಿವುಡಾಗುತ್ತದೆ. ಇಂಥ ಜಾಲದಲ್ಲಿ ಒಂದು ಬಲ್ಬು ಇನ್ನೊಂದಕ್ಕೆ ಸಂದೇಶ ದಾಟಿಸಬೇಕು, ಅದಕ್ಕೆ ಸದಾ ಕರೆಂಟ್ ಬೇಕು ಎಂದು ರಾಯರು ತಿಳಿಹೇಳುತ್ತಾರೆ.

‘ಹಂಗಾದ್ರ ಈ ಖೋಲಿ ಲೈಟ್ ಆರಿಸಿದ್ರ ಆ ಖೋಲೀದು ಹತ್ತಂಗಿಲ್ಲೇನು?’

‘ಹೌದವ್ವಾ.’

‘ರೊಕ್ಕ ವಾಪಸ್ ಕೊಡ್ತಾರೇನು, ಕೇಳಿ ನೋಡು.’

ರಾಯರು ಸ್ವಿಚ್ಚುಗಳ ಮೇಲೆ ಟೇಪು ಅಂಟಿಸುತ್ತಾರೆ. ಅವ್ವ ಕಿತ್ತು ಹಾಕುತ್ತಾಳೆ.

ಒಂದು ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ಬರುತ್ತದೆ. ಸ್ಮಾರ್ಟ್ ಬಲ್ಬುಗಳ ಸಹಜಗುಣ ಅದು: ಸೆಟ್ಟಿಂಗ್ ಬದಲಿಸದಿದ್ದರೆ, ಕರೆಂಟ್ ಬಂದೊಡನೆ ಎಲ್ಲವೂ ಹತ್ತಿಕೊಳ್ಳುತ್ತವೆ. ಮನೆಯಿಡೀ ಮದುವೆ ಮಂಟಪ. ರೂಟರ್ ಇನ್ನೂ ಎದ್ದಿಲ್ಲ, ಆಪ್ ತಿರುಗುತ್ತಲೇ ಇದೆ, ರಿಮೋಟ್ ಸೋಫಾದ ಸಂದಿಯಲ್ಲೆಲ್ಲೋ. ಅವ್ವ ಎದ್ದು ಬಂದು ಪಟಪಟನೆ ಸ್ವಿಚ್ಚುಗಳನ್ನೆಲ್ಲ ಆರಿಸಿ ಮಲಗುತ್ತಾಳೆ.

ರಾಯರು ಕತ್ತಲಲ್ಲೇ ಫೋನ್ ತೆರೆದು, ಸ್ವಿಚ್ ಬೋರ್ಡಿಗೆ ಬೀಗ ಹಾಕುವ ಪ್ಲಾಸ್ಟಿಕ್ ಮುಚ್ಚಳ ಎಲ್ಲಿ ಸಿಗುತ್ತದೆಂದು ಹುಡುಕತೊಡಗುತ್ತಾರೆ.