ಮೀನಾದಲ್ಲಿ ಅರ್ಧ ಕಿಲೋ ಸಂಕಲ್ಪ

ಅರಬ್ಬಿಯಲ್ಲಿ ‘ಮೀನಾ’ ಎಂದರೆ ಬಂದರು. ಅಬುಧಾಬಿಯ ಅಲ್ ಮೀನಾಕ್ಕೆ ಮೊದಲ ಸಲ ಬಂದ ಕರಾವಳಿಯವರಿಗೆ ಇದನ್ನು ಹೇಳಿ ಪ್ರಯೋಜನವಿಲ್ಲ, ಮೂಗು ಬೇರೆಯೇ ಅರ್ಥ ಹೇಳುತ್ತದೆ. 1972ರಲ್ಲಿ ಶುರುವಾದ ಝಾಯೆದ್ ಬಂದರಿನ ಪಕ್ಕದ ಮೀನು ಮಾರುಕಟ್ಟೆಯಲ್ಲಿ, ಡಿಸೆಂಬರ್ ಕೊನೆಯ ಒಂದು ಬೆಳಿಗ್ಗೆ, ಬಂಗುಡೆ ಕ್ಲೀನ್ ಮಾಡಲು ಕೊಟ್ಟು ಇಬ್ಬರು ನಿಂತಿದ್ದರು: ಕುಂದಾಪುರದ ಶೆಟ್ರು, ಬಂಟ್ವಾಳದ ಬ್ಯಾರಿ ಸಾಹೇಬ್ರು.

“ಸಾಹೇಬ್ರೆ, ಜನವರಿ ಒಂದರಿಂದ ನಾನು ಬೇರೆಯೇ ಮನುಷ್ಯ. ದಿನಕ್ಕೆ 10,000 ಹೆಜ್ಜೆ, ಸಕ್ಕರೆ ಬಂದ್, ಏಳುದು ಐದಕ್ಕೆ.”

“ಹೋದ ವರ್ಷವೂ ಆಗಿದ್ರಲ್ಲ?”

“ಆಗಿದ್ದೆ. ಎಂಟು ದಿನ.”

“ಆ ಹತ್ತು ಸಾವಿರ ಯಾರು ಹೇಳಿದ್ದು?”

“ವಾಚು.”

ವಾಚಿಗೆ ಹೇಳಿದ್ದು ಜಾಹೀರಾತು. 1965ರಲ್ಲಿ ಜಪಾನಿನ ಕಂಪನಿಯೊಂದು ತನ್ನ ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬರ್ಥದ ಹೆಸರಿಟ್ಟಿತು. ಅಂಕಿ ಅಲ್ಲಿಂದ ಊರೂರು ಸುತ್ತಿತು. ಅಮೆರಿಕದ ವಯಸ್ಸಾದ ಮಹಿಳೆಯರ ಬಗ್ಗೆ 2019ರಲ್ಲಿ ಬಂದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ, 2,700 ಹಾಕುವವರಿಗಿಂತ, ಸಾವಿನ ಪ್ರಮಾಣ ಸಾಕಷ್ಟು ಕಡಿಮೆಯಿತ್ತು.

ಶೆಟ್ರಿಗೆ ಇಂಥ ಚಿಲ್ಲರೆ ಲೆಕ್ಕ ಹಿಡಿಸುವುದಿಲ್ಲ. “ಬದಲಾದ್ರೆ ಆ ಮೀನಾ ಪ್ಲಾಜಾದ ಹಾಗೆ ಬದಲಾಗ್ಬೇಕು ಮಾರಾಯ್ರೆ! ನಾಲ್ಕು ಟವರು, 144 ಮಹಡಿ, ಹತ್ತು ಸೆಕೆಂಡಲ್ಲಿ ಫಿನಿಶ್.”

2020ರ ನವೆಂಬರ್ 27ರಂದು ಆ ಟವರುಗಳನ್ನು ಸ್ಫೋಟಕ ಇಟ್ಟು ಹಾಗೆ ಕೆಡವಿದ್ದು ನಿಜ, ಗಿನ್ನೆಸ್ ದಾಖಲೆಯೂ ಆಯಿತು.

“ಆ ಹತ್ತು ಸೆಕೆಂಡಿಗೆ ಮುಂಚೆ ಎಷ್ಟು ತೂತು ಕೊರೆದಿದ್ರು, ಗೊತ್ತುಂಟಾ? ಸುಮಾರು 18,000. ಒಂದೊಂದೇ ಕೊರೆದದ್ದು. ಮತ್ತೆ ಶೆಟ್ರೆ, ಅದು ಬಿದ್ದದ್ದು. ಎದ್ದದ್ದಲ್ಲ.”

ಶೆಟ್ರು ಬಂಗುಡೆ ಕಡೆ ನೋಡಿದರು.

“ನಿಮ್ಮದು ಎಂತ ಸಂಕಲ್ಪ ಹಾಗಾದ್ರೆ?”

“ಚೀಲ.”

“ಚೀಲವಾ?”

2022ರ ಜೂನ್ 1ರಿಂದ ಅಬುಧಾಬಿಯಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಕೈಚೀಲ ನಿಷೇಧವಾದಾಗ ಸಾಹೇಬ್ರು ಬಟ್ಟೆಚೀಲ ಕೊಂಡರು. ದಿನಾ ಮರೆತರು. ಹಾಗೆ ಮನೆಯಲ್ಲಿ ಹದಿನಾಲ್ಕು ಬಟ್ಟೆಚೀಲ ಜಮೆಯಾದವು. ಕೊನೆಗೆ ಹೆಂಡತಿ ಒಂದನ್ನು ಮಡಚಿ ಅವರ ಬಲಗಾಲಿನ ಶೂ ಒಳಗೆ ತುರುಕಿದರು. “ಅಲ್ಲಿಂದ ಮರ್ತದ್ದು ಇಲ್ಲ. ಸಕ್ಕರೆಯೂ ಹಾಗೇ. ಸುಲೈಮಾನಿ ಚಹಾಕ್ಕೆ ಮೂರು ಚಮಚ ಹಾಕ್ತಿದ್ದೆ, ತಿಂಗಳಿಗೆ ಕಾಲು ಚಮಚ ಕಡಿಮೆ ಮಾಡ್ತಾ ಬಂದೆ. ನಾಲಗೆಗೆ ಗೊತ್ತೇ ಆಗ್ಲಿಲ್ಲ.”

“ಇದು ಅಭ್ಯಾಸ ಆಗ್ಲಿಕ್ಕೆ ಎಷ್ಟು ದಿನ ಬೇಕು?”

“ಲಂಡನ್ನಿನಲ್ಲಿ 96 ಜನರನ್ನು ಇಟ್ಟು ನೋಡಿದ್ದಾರೆ. ಸರಾಸರಿ 66 ದಿನ. ಬೇಗ ಆದವರಿಗೆ 18, ತಡ ಆದವರಿಗೆ 254ರ ಲೆಕ್ಕ.”

“ನನ್ನದು 254ರ ಜಾತಿ.”

“ಇರ್ಲಿ. ನಡುವೆ ಒಂದು ದಿನ ತಪ್ಪಿದ್ರೆ ಏನೂ ಆಗುದಿಲ್ಲ ಅಂತಲೂ ಅಲ್ಲಿ ಗೊತ್ತಾದದ್ದು.”

ಶೆಟ್ರ ಮುಖ ಅರಳಿತು. ಒಂಬತ್ತನೆಯ ದಿನ ಬಿರಿಯಾನಿ ತಿಂದ ತಪ್ಪಿಗೇ ಅವರು ಹೋದ ವರ್ಷವನ್ನು ಪೂರ್ತಿ ಕೈಬಿಟ್ಟಿದ್ದರು.

ಮೀನು ಬಂತು. ಶೆಟ್ರ ಬಳಿ ಚೀಲ ಇರಲಿಲ್ಲ. ಸಾಹೇಬ್ರು ಎಡಗಾಲಿನ ಶೂ ಒಳಗಿಂದ ಇನ್ನೊಂದನ್ನು ಎಳೆದುಕೊಟ್ಟರು. ಶೆಟ್ರು ಮೂಗು ಮುಚ್ಚಿ ಸ್ವೀಕರಿಸಿದರು.

“ಕಾರು ಎಲ್ಲಿಟ್ಟಿದ್ದೀರಿ?”

“ಇಲ್ಲೇ, ಬಾಗಿಲ ಎದುರು. ಜಾಗಕ್ಕೆ ಮೂರು ಸುತ್ತು ಹೊಡೆದೆ.”

“ಬರುವ ವಾರ ಒಂದು ಸಾಲು ಹಿಂದೆ ಇಡಿ.”

“ಅಲ್ಲಿ ಬಿಸಿಲು ಮಾರಾಯ್ರೆ.”

“ಡಿಸೆಂಬರ್, ಶೆಟ್ರೆ.”

“ಅರ್ಧ ಸಾಲು ಸಾಕಾ?”