ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರು

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರನ್ನು ಕನ್ನಡನಾಡು ಬಹಳ ಹಿಂದೆಯೇ ಗುರುತಿಸಿ ಗಾದೆಯಲ್ಲಿ ಕಟ್ಟಿಹಾಕಿದೆ. ಇತ್ತೀಚೆಗೆ ಅದೇ ಕುಲದಲ್ಲಿ ಹೊಸದೊಂದು ಕವಲು ಒಡೆದಿದೆ. ಇವರಿಗೆ ಕಾಲಿನ ತಕರಾರಿಲ್ಲ, ತಕರಾರೆಲ್ಲ ಕಣ್ಣಿನದು. ಮನೆಯಲ್ಲಿ ಒಂದು ಮೊಲ, ಆ ಮೊಲಕ್ಕೊಂದು ಸೋರುವ ಕಣ್ಣು, ಆ ಕಣ್ಣಿನ ಸುತ್ತ ಗಾಣದೆತ್ತಿನಂತೆ ತಿರುಗುವ ಒಬ್ಬ ಯಜಮಾನ. ಇಷ್ಟಾದರೆ ಕವಲು ಪೂರ್ತಿ.

ಇಂಥವರನ್ನು ಗುರುತಿಸುವುದು ಸುಲಭ. ಮಗಳ ಫೋಟೊ ತೋರಿಸುತ್ತೇನೆಂದು ಫೋನು ತೆಗೆಯುತ್ತಾರೆ. ಬೆರಳಾಡಿಸುತ್ತ ಆಡಿಸುತ್ತ ಮೊಲದ ಎಡಗಣ್ಣಿಗೆ ಬಂದು ನಿಲ್ಲುತ್ತಾರೆ. “ಇದು ಹೋದ ಮಂಗಳವಾರದ್ದು, ಇದು ಗುರುವಾರದ್ದು. ವ್ಯತ್ಯಾಸ ಕಾಣಿಸ್ತಾ?” ಕಾಣಿಸುವುದಿಲ್ಲ. ಹೂಂ ಎಂದರೆ ಬೇಗ ಬಿಟ್ಟಾರು ಎಂದುಕೊಂಡು ಹೂಂ ಎಂದವರಿಗೆ ಶುಕ್ರವಾರದ್ದನ್ನೂ ತೋರಿಸುತ್ತಾರೆ. ಅವರೆದುರು ಮೊಲವನ್ನು ‘ಅದು’ ಎನ್ನಬಾರದು, ‘ಅವನು’. ಇಲಿಯ ಜಾತಿ ಎಂದಿರೋ, ಮೇಲಿನ ಮುಂಬಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟಾಣಿ ಹಲ್ಲು ಇರುವುದರಿಂದ ಮೊಲದ ಗಣವೇ ಬೇರೆ ಎಂಬ ಪಾಠ ಆರಂಭ. ಪ್ರೀತಿಯಿಂದ ಕ್ಯಾರೆಟ್ ತಂದುಕೊಟ್ಟವರನ್ನಂತೂ ಲಡ್ಡುಗೆ ತಂದು ಸಕ್ಕರೆ ಕಾಯಿಲೆಯವರ ಕೈಗಿಟ್ಟವರಂತೆ ನೋಡುತ್ತಾರೆ. ಮೊಲ ಎಂದರೆ ಕ್ಯಾರೆಟ್ ಎಂದು ಜಗತ್ತಿಗೆ ನಂಬಿಸಿದ್ದು 1940ರಲ್ಲಿ ತೆರೆಗೆ ಬಂದ ಬಗ್ಸ್ ಬನ್ನಿ ಎಂಬ ಅಮೆರಿಕದ ಕಾರ್ಟೂನ್. ಹೊಟ್ಟೆ ತುಂಬ ಹುಲ್ಲು ತಿನ್ನಬೇಕಾದ ಪ್ರಾಣಿಗೆ ಸಿಹಿಗಡ್ಡೆ ಎಂದೋ ಒಂದು ತುಣುಕು ಸಾಕು. ಅವರು ಹೇಳುವುದು ನಿಜವೇ. ಸಂಕಟವೂ ಅದೇ, ಇವರು ಹೇಳುವುದೆಲ್ಲ ನಿಜ.

ಇಷ್ಟು ಅಧಿಕಾರವಾಣಿಯಿಂದ ಮಾತಾಡಲು ಈ ಸಾಲುಗಳ ಲೇಖಕನಿಗೆ ಕಾರಣವಿದೆ. ಅವನ ಅಕ್ಕನನ್ನು ಅಂಥವರೊಬ್ಬರಿಗೆ ಕೊಟ್ಟಿದೆ.

ಭಾವನವರು ಬ್ಯಾಂಕಿನಿಂದ ನಿವೃತ್ತರು, ಮೈಸೂರಿನ ಕುವೆಂಪುನಗರದಲ್ಲಿ ಮನೆ. ಮೊಲ ಅವರದಲ್ಲ, ಮಗಳದು. ಪಿಯುಸಿ ಓದುವಾಗ ಹಟ ಹಿಡಿದು ತಂದಳು. ಮಾರಿದವನು “ಎರಡು ವರ್ಷ ಇರುತ್ತೆ ಸಾರ್, ಅಷ್ಟೇ” ಎಂದಿದ್ದ. ಚೆನ್ನಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ ಎಂದು ತಿಳಿಯುವ ಹೊತ್ತಿಗೆ ಮಗಳು ಓದು ಮುಗಿಸಿ ಜರ್ಮನಿಗೆ ಹಾರಿದ್ದಳು. ಮೊಲ ಸೋಫಾದ ಕೆಳಗೇ ಉಳಿದಿತ್ತು. ಹೆಸರು ಬನ್ನಿ. ಇಂಗ್ಲಿಷಿನಲ್ಲಿ ಮುದ್ದಿನ ಹೆಸರೇ, ಆದರೆ ಕನ್ನಡದ ಮನೆಯಲ್ಲಿ ಅದರ ಫಲಿತಾಂಶ ಬೇರೆ. ಭಾವನವರು ಹಜಾರದಲ್ಲಿ ಬಗ್ಗಿ “ಬನ್ನಿ, ಬನ್ನಿ” ಎಂದು ಕರೆಯುತ್ತಿದ್ದರೆ ಗೇಟಿನಲ್ಲಿದ್ದ ಕೊರಿಯರ್ ಹುಡುಗ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತಾನೆ. ಅಕ್ಕನ ದೂರು ಇನ್ನೊಂದು ಬಗೆಯದು: “ಮದುವೆಯಾಗಿ ಮೂವತ್ತು ವರ್ಷ. ನನಗೆ ಬಾರೇ, ಮೊಲಕ್ಕೆ ಬನ್ನಿ.”

ಕಣ್ಣು ಸೋರತೊಡಗಿದ್ದು ಮೂರು ವರ್ಷದ ಹಿಂದೆ. ಬನ್ನಿ ಅಚ್ಚ ಬಿಳಿಯ ಮೊಲ, ಅಂಥವಕ್ಕೆ ಸಾಮಾನ್ಯವಾಗಿ ಹುಟ್ಟಾ ಕೆಂಗಣ್ಣು. ಪಕ್ಕದ ಮನೆಯವರು ಒಮ್ಮೆ ನೋಡಿ, ಮದ್ರಾಸ್ ಐ ಎಂದು ತೀರ್ಮಾನಿಸಿ ಒಂದು ವಾರ ಈ ಕಡೆ ತಲೆ ಹಾಕಲಿಲ್ಲ. ಭಾವನವರ ತಾಯಿ ನಂದಿಬಟ್ಟಲು ಹೂವು ನೆನೆಸಿದ ನೀರು ಬಿಡಿ ಎಂದರು. ಅಕ್ಕ ಕಣ್ಣಿಗೇ ಕಣ್ಣು ಬಿದ್ದಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿ ತೆಗೆದಳು; ಆ ಘಾಟಿಗೆ ಇನ್ನೊಂದು ಕಣ್ಣೂ ಸೋರಿತು. ಮೊದಲ ಡಾಕ್ಟರು ಹನಿ ಬರೆದರು, ಹತ್ತು ದಿನ ನಿಂತಿತು, ಹನ್ನೊಂದನೆಯ ದಿನ ಮತ್ತೆ ಬಂತು. ನಾಯಿ-ಬೆಕ್ಕಿಗೆ ಬೀದಿಗೊಬ್ಬ ಡಾಕ್ಟರಿದ್ದಾರೆ. ಮೊಲ ಬಲ್ಲವರನ್ನು ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕಾಯಿತು.

ಅಲ್ಲಿಯ ಡಾಕ್ಟರಮ್ಮ ಕಣ್ಣು ನೋಡಲೇ ಇಲ್ಲ, ಬಾಯಿ ಬಿಡಿಸಿದರು. ಕಣ್ಣಿಗೆಂದು ಬಂದರೆ ಹಲ್ಲು ಎಣಿಸುತ್ತಾರಲ್ಲ ಎಂದು ಭಾವನವರು ಗೊಣಗಿದ್ದು ಅದೇ ಕೊನೆ. ತಲೆಯ ಎಕ್ಸ್‌ರೇ ಬಂದ ಮೇಲೆ ಕಥೆ ಬಿಚ್ಚಿಕೊಂಡಿತು. ಮೊಲಕ್ಕೆ 28 ಹಲ್ಲು. ಒಂದೂ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಮುಂಬಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತದೆ. ನಾರಿನ ಹುಲ್ಲನ್ನು ದಿನವಿಡೀ ಅರೆಯುತ್ತಿದ್ದರೆ ಬೆಳೆದಷ್ಟೂ ಸವೆಯುತ್ತದೆ. ಮೆತ್ತನೆಯ ತಿಂಡಿ ತಿಂದುಕೊಂಡಿದ್ದರೆ ಬಾಯಿಯಲ್ಲಿ ಜಾಗ ಸಾಲದೆ ಬೇರು ತಲೆಬುರುಡೆಯ ಕಡೆಗೆ ನುಗ್ಗುತ್ತದೆ. ಕಣ್ಣೀರನ್ನು ಮೂಗಿಗೆ ಸಾಗಿಸುವ ನಾಳ ಹೋಗುವುದು ಆ ಬೇರುಗಳ ಪಕ್ಕದಲ್ಲೇ, ಅದೂ ಅಂಕುಡೊಂಕಾಗಿ. ನಮಗಾದರೆ ಕಣ್ಣಿಗೆ ಎರಡೆರಡು ಮೋರಿಬಾಯಿ. ಮೊಲಕ್ಕೆ ಕೆಳರೆಪ್ಪೆಯಲ್ಲಿ ಒಂದೇ ಒಂದು. ಬೇರು ಒತ್ತಿತು, ನಾಳ ಕಟ್ಟಿತು, ಕೀವಾಯಿತು, ಕೆನ್ನೆಯ ಮೇಲೆ ಹರಿಯಿತು. ನುಗ್ಗಿದ ಬೇರು ಹಿಂದಕ್ಕೆ ಬರುವುದಿಲ್ಲ. ಆಗಾಗ ನಾಳ ತೊಳೆಸುತ್ತ, ಹನಿ ಹಾಕುತ್ತ, ಹುಲ್ಲು ತಿನ್ನಿಸುತ್ತ ಇರುವುದೇ ದಾರಿ.

ಬಿಸ್ಕತ್ತು ತಿನ್ನಿಸಿದವರು ಯಾರು ಎಂಬ ತನಿಖೆ ಆ ಸಂಜೆ ಶುರುವಾಯಿತು. ಲೇಖಕ ಆಗ ಛಾವಣಿ ನೋಡುತ್ತಿದ್ದ.

ನಾಳ ತೊಳೆಯುವುದನ್ನು ವರ್ಣಿಸಲು ಭಾವನವರಿಗೆ ಊಟದ ಹೊತ್ತೇ ಆಗಬೇಕು. ಮರಗಟ್ಟಿಸುವ ಹನಿ ಹಾಕಿ, ಆ ಒಂದೇ ತೂತಿಗೆ ಕೂದಲಿನಂಥ ಕೊಳವೆ ಇಳಿಸಿ ಸಲೈನ್ ಬಿಟ್ಟರೆ ಅದೇ ಕಡೆಯ ಮೂಗಿನ ಹೊಳ್ಳೆಯಿಂದ ಬಿಳಿಯದೊಂದು ಹೊರಗೆ ಬರುತ್ತದೆ. “ಹೇಗಿತ್ತು ಅಂತೀಯಾ?” ಎಂದು ಉಪಮೆಗಾಗಿ ಸುತ್ತ ನೋಡಿದರು. ಎದುರಿಗೆ ಮಜ್ಜಿಗೆಹುಳಿಯ ಪಾತ್ರೆ ಇತ್ತು. ಲೇಖಕ ಅಂದಿನಿಂದ ಅಕ್ಕನ ಮನೆಯಲ್ಲಿ ಸಾರನ್ನೇ ಕೇಳುತ್ತಾನೆ.

ಹುಲ್ಲಿನ ಹುಡುಕಾಟ ದೇವರಾಜ ಮಾರುಕಟ್ಟೆಯಲ್ಲಿ ಮುಗಿಯಿತು. ಅಲ್ಲಿ ಗರಿಕೆ ಸಿಗುತ್ತದೆ, ಗರಿಕೆ ಮೊಲಕ್ಕೆ ಒಳ್ಳೆಯದು. ತೊಡಕೆಂದರೆ ಅದು ಗಣಪತಿಗೂ ಬೇಕು. ದೇವರಿಗೆ ಇಪ್ಪತ್ತೊಂದು ಎಸಳಿನಲ್ಲಿ ತೃಪ್ತಿ. ಬನ್ನಿಗೆ ದಿನಕ್ಕೆ ತನ್ನ ಮೈಗಾತ್ರದಷ್ಟು ಹುಲ್ಲು. ಸಂಕಷ್ಟಿಯ ದಿನ ಭಾವನವರು ಎಲ್ಲ ಕಟ್ಟುಗಳನ್ನೂ ಎತ್ತಿಕೊಂಡಾಗ ಹೂವಿನವಳು “ಏನು ಸ್ವಾಮಿ, ಸಹಸ್ರ ದೂರ್ವಾರ್ಚನೆಯಾ?” ಎಂದು ಕೈಮುಗಿದಳು. ಅವರು ತಿದ್ದಲಿಲ್ಲ. ತಿದ್ದದೆ ಬಿಟ್ಟ ಒಂದೇ ಸಂದರ್ಭ ಅದು.

ಹನಿ ಹಾಕುವುದು ದಿನಕ್ಕೆ ನಾಲ್ಕು ಸಲ: ಎಂಟು, ಹನ್ನೆರಡು, ನಾಲ್ಕು, ಎಂಟು. ಎರಡು ಬಾಟಲಿ, ನಡುವೆ ಐದು ನಿಮಿಷ. ಫೋನು ಕೂಗುತ್ತದೆ, ಪ್ರಧಾನಮಂತ್ರಿಯೇ ಮನೆಗೆ ಬಂದಿದ್ದರೂ ಭಾವನವರು ಏಳುತ್ತಾರೆ. ಈ ಶಿಸ್ತಿಗೆ ಬಲಿಯಾದದ್ದು ನಂಜನಗೂಡಿನ ಮದುವೆ.

ಲಗ್ನ ಅಭಿಜಿನ್, ಅಂದರೆ ನಡುಮಧ್ಯಾಹ್ನ. ಹನ್ನೆರಡರ ಹನಿ ತಪ್ಪಬಾರದೆಂದು ಬನ್ನಿಯೂ ಬುಟ್ಟಿಯಲ್ಲಿ ಕೂತು ಛತ್ರಕ್ಕೆ ಬಂತು. ವರನ ಕೊಠಡಿಯಲ್ಲಿ ಫ್ಯಾನಿನ ಕೆಳಗೆ ಬಿಡಾರ. ಪುರೋಹಿತರು ಅಂತರಪಟ ಹಿಡಿಸುವುದಕ್ಕೂ ಫೋನು ಕೂಗುವುದಕ್ಕೂ ಸರಿಹೋಯಿತು. “ಏಳಯ್ಯಾ, ಹಿಡ್ಕೊಳ್ಳೋಕೆ ಒಬ್ಬರು ಬೇಕು.” ರೇಷ್ಮೆ ಪಂಚೆಯಲ್ಲಿದ್ದ ಲೇಖಕ ಕೈಯಲ್ಲಿ ಅಕ್ಷತೆ ಹಿಡಿದೇ ಹಿಂದೆ ಹೋದ. ಮೊಲವನ್ನು ಟವೆಲಿನಲ್ಲಿ ಪತ್ರೊಡೆಯಂತೆ ಬಿಗಿಯಾಗಿ ಸುತ್ತಬೇಕು, ಮುಖ ಮಾತ್ರ ಹೊರಗೆ. ಹಿಂಗಾಲು ಒದರಿದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಲ್ಲ ಪ್ರಾಣಿ ಅದು. ಬಾಟಲಿಯನ್ನು ಮುಂದಿನಿಂದ ತರಕೂಡದು. ಮೊಲಕ್ಕೆ ಸುತ್ತಲೂ ಕಾಣುತ್ತದೆ, ಬೆನ್ನ ಹಿಂದೆಯೂ ಕಾಣುತ್ತದೆ, ಮೂಗಿನ ನೇರ ಮುಂದೆ ಮಾತ್ರ ಕಾಣದು. ಇದನ್ನೆಲ್ಲ ಭಾವನವರು ವಿವರಿಸುವಷ್ಟರಲ್ಲಿ ಹೊರಗೆ ಗಟ್ಟಿಮೇಳ ಮೊಳಗಿತು. ಬನ್ನಿ ಟವೆಲಿನೊಳಗೇ ನೆಗೆಯಿತು. ಲೇಖಕನ ಅಕ್ಷತೆ ವಧೂವರರ ಬದಲು ಮೊಲದ ನೆತ್ತಿಯ ಮೇಲೆ ಬಿತ್ತು. ಪಂಚೆ ಬೆಚ್ಚಗಾಯಿತು, ಯಾಕೆಂದು ಓದುಗರು ಊಹಿಸಬಲ್ಲರು. “ಅಲ್ಲಾಡಬೇಡ, ಎರಡನೇದಕ್ಕೆ ಇನ್ನೂ ಐದು ನಿಮಿಷ ಇದೆ” ಎಂದರು ಭಾವನವರು. ಆ ಐದು ನಿಮಿಷದಲ್ಲಿ ಧಾರೆ ಮುಗಿಯಿತು. ಶುಚಿಯಾಗಿ ಬರುವಷ್ಟರಲ್ಲಿ ಮೊದಲ ಪಂಕ್ತಿ ಎದ್ದಿತ್ತು, ಎರಡನೆಯದಕ್ಕೆ ಹೋಳಿಗೆ ಇರಲಿಲ್ಲ. ಮದುವೆಯ ಆಲ್ಬಮ್ಮಿನಲ್ಲಿ ಈಗಲೂ ಒಂದು ಚಿತ್ರವಿದೆ: ತಲೆಗೆ ಅಕ್ಷತೆ ಬಿದ್ದ ಮೊಲ, ಪಕ್ಕದಲ್ಲಿ ಇಬ್ಬರು ಹಿರಿಯರು. ಬೀಗರು ಅದನ್ನು ನೋಡಿ ಏನೆಂದುಕೊಂಡರೋ, ಈವರೆಗೆ ಕೇಳಿಲ್ಲ.

ವಾಪಸು ಬರುವಾಗ, ಕಾರಿನಲ್ಲಿ ತುಟಿಗೆ ಬಣ್ಣ ತೀಡಿಕೊಳ್ಳುತ್ತಿದ್ದ ಸೋದರ ಸೊಸೆಗೆ ಭಾವನವರು 1944ರ ಕಥೆ ಹೇಳಿದರು. ಆ ವರ್ಷ ಅಮೆರಿಕದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನದಂತೆ, ಸೌಂದರ್ಯ ಸಾಮಗ್ರಿಗಳನ್ನು ಮೊಲದ ಕಣ್ಣಿಗೆ ಹಾಕಿ ಎಷ್ಟು ಉರಿಯುತ್ತದೆಂದು ನೋಡುತ್ತಿದ್ದರು. ದೊಡ್ಡ ಕಣ್ಣು, ಸಾಧು ಪ್ರಾಣಿ, ಕೂಗುವುದೂ ಅಪರೂಪ. 1980ರಲ್ಲಿ ಹೆನ್ರಿ ಸ್ಪೈರಾ ಎಂಬಾತ ನ್ಯೂಯಾರ್ಕಿನಲ್ಲಿ ಪತ್ರಿಕೆಯ ಪುಟ ತುಂಬ ಜಾಹೀರಾತು ಹಾಕಿಸಿ ಜಗಳ ತೆಗೆದ ಮೇಲೆ ಜನಕ್ಕೆ ವಿಷಯ ಮುಟ್ಟಿತು. ಭಾರತದಲ್ಲಿ ಇಂಥ ಪರೀಕ್ಷೆ ನಿಷೇಧವಾದದ್ದು 2014ರಲ್ಲಿ. ಹುಡುಗಿ ಮೆಲ್ಲಗೆ ಲಿಪ್‌ಸ್ಟಿಕ್ಕಿನ ಮುಚ್ಚಳ ಹಾಕಿದಳು. ಕಾರಿನಲ್ಲಿ ಕಡಕೊಳ ಬರುವವರೆಗೂ ಮಾತಿರಲಿಲ್ಲ.

ಮೊಲ ಗಂಟೆಗೆ ಹತ್ತು-ಹನ್ನೆರಡು ಸಲ ಮಾತ್ರ ರೆಪ್ಪೆ ಬಡಿಯುತ್ತದೆ ಎಂದು ಎಲ್ಲೋ ಓದಿದ ಭಾವನವರು ಒಂದು ಭಾನುವಾರ ಕೈಗಡಿಯಾರ ಬಿಚ್ಚಿಟ್ಟು ಬನ್ನಿಯ ಎದುರು ಚಾಪೆ ಹಾಕಿ ಮಲಗಿದರು. ಒಂದು ಗಂಟೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಎಂಬ ಮಾತನ್ನು ಅಷ್ಟು ಅಕ್ಷರಶಃ ಪಾಲಿಸಿದವರಿಲ್ಲ. ಹನ್ನೊಂದು ಎಂದು ಡೈರಿಯಲ್ಲಿ ಬರೆದರು. ಬರೆದ ಅಂಕಿ ಎರಡೆರಡಾಗಿ ಕಾಣಿಸುತ್ತಿದೆ ಎಂದು ಅಕ್ಕನಿಗೆ ಗೊತ್ತಾದದ್ದು ಆವತ್ತೇ. ಕಣ್ಣಿನ ಡಾಕ್ಟರು ಎರಡು ವರ್ಷದ ಹಿಂದೆಯೇ ಪೊರೆ ಬಂದಿದೆ, ತೆಗೆಸಿ ಎಂದಿದ್ದರಂತೆ. ಇವರು ಮುಂದೂಡುತ್ತ ಬಂದಿದ್ದರು. ಆಪರೇಷನ್ ಆದರೆ ಕೆಲವು ದಿನ ಬಗ್ಗಬಾರದು. ಬಗ್ಗದೆ ಬನ್ನಿಗೆ ಹನಿ ಹಾಕುವುದು ಹೇಗೆ?

ಕೊನೆಗೆ ಪೊರೆ ತೆಗೆಸಿಕೊಂಡರು, ಲೇಖಕನನ್ನು ಒಂದು ವಾರಕ್ಕೆ ನೇಮಿಸಿಕೊಂಡ ಮೇಲೆ. ಫ್ರಿಜ್ಜಿನ ಬಾಗಿಲಲ್ಲಿ ಈಗ ಎರಡು ಸಾಲು ಬಾಟಲಿ, ಪ್ಲಾಸ್ಟರ್ ಅಂಟಿಸಿ ‘ನನ್ನದು’, ‘ಅವನದು’ ಎಂದು ಬರೆದದ್ದು. ಅದು ಶೋಕಿಯಲ್ಲ. ಭಾವನವರ ಹನಿಯಲ್ಲಿ ಸ್ಟೆರಾಯ್ಡ್ ಇತ್ತು; ಆ ವಾರವೇ ಬನ್ನಿಯ ಕಣ್ಣಿಗೆ ಹುಲ್ಲಿನ ಕಡ್ಡಿ ತಾಗಿ, ಡಾಕ್ಟರು ಬಣ್ಣ ಹಾಕಿ ನೋಡಿದಾಗ ಕಣ್ಣಿನ ಮೇಲೆ ಹಸಿರು ಗೆರೆ ಹೊಳೆದಿತ್ತು. ಅಂಥ ಗಾಯಕ್ಕೆ ಸ್ಟೆರಾಯ್ಡ್ ಬಿದ್ದರೆ ಮಾಯುವುದಿಲ್ಲ, ಕಣ್ಣೇ ಹೋಗಬಹುದು. ಲೇಖಕ ಪ್ರತಿ ಸಲ ಬಾಟಲಿಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ಓದಿದ. ಬನ್ನಿ ಪತ್ರೊಡೆಯಾಗಿ ಸುಮ್ಮನೆ ಕೂತಿತು. ಒಳಗಿನ ಕೋಣೆಯಲ್ಲಿ ಭಾವನವರು ಕಣ್ಣು ಬಿಗಿಹಿಡಿದು ತಲೆ ಕೊಡವುತ್ತಿದ್ದರು. “ರೀ, ಸುಮ್ನೆ ಇರ್ತೀರೋ, ಟವೆಲ್ ತರಲೋ?” ಎನ್ನುತ್ತಿದ್ದಳು ಅಕ್ಕ.

ರಾತ್ರಿ ಎಂಟರ ಹನಿ ಹಾಕಿ, ಹತ್ತಿಯಿಂದ ಕೆನ್ನೆಯ ರೋಮ ಒರೆಸುವಾಗ ಲೇಖಕನಿಗೆ ಬೇಡದ್ದೊಂದು ನೆನಪಾಯಿತು. ಅವನ ತಾಯಿಗೆ ಗ್ಲೂಕೋಮಾ ಇತ್ತು. ಅವರಿಗೂ ರಾತ್ರಿ ಒಂದು ಹನಿ. ಇವನು ಆಫೀಸಿನಿಂದ ತಡವಾಗಿ ಬಂದು, “ಹಾಕ್ಕೊಂಡ್ಯಾ ಅಮ್ಮ?” ಎಂದು ಬಾಗಿಲಲ್ಲೇ ಕೇಳುತ್ತಿದ್ದ. ಅವರು ಯಾವಾಗಲೂ “ಹಾಕ್ಕೊಂಡೆ ಕಣೋ” ಎನ್ನುತ್ತಿದ್ದರು. ಕೈ ನಡುಗುವವರು ತಮ್ಮ ಕಣ್ಣಿಗೆ ತಾವೇ ಹೇಗೆ ಹನಿ ಬಿಟ್ಟುಕೊಂಡರು ಎಂದು ಅವನು ಒಂದು ದಿನವೂ ಒಳಗೆ ಹೋಗಿ ನೋಡಿರಲಿಲ್ಲ.

ಭಾನುವಾರ ಜರ್ಮನಿಯಿಂದ ವಿಡಿಯೊ ಕರೆ ಬಂತು. “ಬನ್ನಿ ಎಲ್ಲಿ?” ಎಂಬುದೇ ಮೊದಲ ಮಾತು. ಭಾವನವರು ತಮ್ಮ ಕಪ್ಪು ಕನ್ನಡಕ ಸರಿಮಾಡಿಕೊಂಡು ಫೋನನ್ನು ಮೊಲದ ಕಡೆಗೆ ತಿರುಗಿಸಿದರು. ಎಡಗಣ್ಣು, ಬಲಗಣ್ಣು, ಗರಿಕೆ ತಿನ್ನುವ ಬಾಯಿ. ಇಪ್ಪತ್ತು ನಿಮಿಷ. ತಮ್ಮ ಆಪರೇಷನ್ನಿನ ವಿಷಯ ಕೊನೆಯಲ್ಲಿ ಹೇಳೋಣ ಎಂದುಕೊಂಡಿದ್ದರಂತೆ. ಅಷ್ಟರಲ್ಲಿ ನೆಟ್‌ವರ್ಕ್ ಹೋಯಿತು.

ನಿಮ್ಮ ಮನೆಯಲ್ಲೂ ಮೊಲವಿದ್ದು, ಕೆನ್ನೆ ಒದ್ದೆ ಕಂಡರೆ, ಫ್ರಿಜ್ಜಿನಲ್ಲಿರುವ ನಿಮ್ಮ ಬಾಟಲಿಯನ್ನು ದಯವಿಟ್ಟು ಮುಟ್ಟಬೇಡಿ; ಮೊಲ ಬಲ್ಲ ಡಾಕ್ಟರ ಬಳಿಗೆ ಹೋಗಿ, ಬಾಯಿಯನ್ನೂ ನೋಡಿ ಎಂದು ಕೇಳಿ. ಹೆಚ್ಚಿನ ಮಾಹಿತಿಯನ್ನು ಭಾವನವರು ಯಾವ ಹೊತ್ತಿನಲ್ಲಿ ಬೇಕಾದರೂ ಕೊಡುತ್ತಾರೆ, ಎಂಟು, ಹನ್ನೆರಡು, ನಾಲ್ಕು ಮತ್ತು ಎಂಟು ಗಂಟೆಯ ಹತ್ತತ್ತು ನಿಮಿಷ ಬಿಟ್ಟು. ಊಟಕ್ಕೆ ಮುಂಚೆ ಮಾತ್ರ ಕೇಳಬೇಡಿ.